ಬದುಕಿರೋದೇ ತೊಂದರೆ, ಮೇಡಂ

ಮಾರ್ಚ್ 8 ಹತ್ತಿರ ಬಂತೆಂದರೆ ಶಿವಮೊಗ್ಗದಲ್ಲಿ ಅಕ್ಕಮಹಾದೇವಿಗೆ ಪುರುಸೊತ್ತೇ ಇರುವುದಿಲ್ಲ. ಅಕ್ಕನ ಹುಟ್ಟೂರು ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಅಕ್ಕನನ್ನು ಕರೆದರೆ ಬಸ್ ಚಾರ್ಜ್ ಕೊಡಬೇಕಿಲ್ಲ, ರೂಮು ಹುಡುಕಬೇಕಿಲ್ಲ. ಫೋಟೋಕ್ಕೊಂದು ಹಾರ ಹಾಕಿದರೆ ಮಹಿಳಾ ಸಂಗೀತೋತ್ಸವ ಅರ್ಧ ಮುಗಿದ ಹಾಗೆ. ಇನ್ನರ್ಧ ವಚನ ಗಾಯನ. ಅಕ್ಕನ ವಚನಗಳಿಗೆ ರಾಗ ಹಾಕಿದವರಲ್ಲಿ ಅಣ್ಣಂದಿರೇ ಜಾಸ್ತಿ. ಇರಲಿ ಬಿಡಿ.

ಈ ಸಲ ಒಂದು ಸಮಿತಿಯ ಸಭೆಯಲ್ಲಿ ಯಾರೋ ಬಾಯಿ ತಪ್ಪಿ, 'ರಾಗ ಸಂಯೋಜನೆ ಮಾಡುವ ಹೆಂಗಸರನ್ನೇ ಕರೆಸೋಣ, ಈಗ ಇರುವವರನ್ನು' ಎಂದುಬಿಟ್ಟರು. ಮಂಡಕ್ಕಿ ತಿನ್ನುತ್ತಿದ್ದವರ ಕೈ ಅರ್ಧಕ್ಕೇ ನಿಂತಿತು.

'ಬದುಕಿದ್ದಾರಾ? ಹಾಗಾದ್ರೆ ಫೋನ್ ಮಾಡ್ಬೇಕಾಗುತ್ತೆ' ಎಂದರು ಕಾರ್ಯದರ್ಶಿ.

ಮಾಡಿದರು. ಮೇಡಂ ಊರಿನವರೇ. ಅವರ ಟ್ಯೂನುಗಳನ್ನು ಶಾಲೆಯ ಮಕ್ಕಳೆಲ್ಲ ಹಾಡುತ್ತಾರೆ. ವಿಡಿಯೋ ಕೆಳಗೆ ಮಾತ್ರ 'ಸಂಗೀತ: ಸಾಂಪ್ರದಾಯಿಕ' ಎಂದಿರುತ್ತದೆ. ಹೊಸ ಹಾಡಿಗೆ ರಾಗ ಹಾಕಿಕೊಡಲು ಅವರು ಒಪ್ಪಿದರು. ಆಮೇಲೆ ಸಂಭಾವನೆ ಎಷ್ಟು ಎಂದು ಕೇಳಿದರು.

ಅಲ್ಲಿಗೆ ಕೆಟ್ಟಿತು. ತಬಲಾದವರಿಗೆ ಕವರ್ ಉಂಟು. ಕೀಬೋರ್ಡಿನವರಿಗೂ ಉಂಟು. ಶಾಮಿಯಾನದವರಂತೂ ಅಡ್ವಾನ್ಸ್ ಇಲ್ಲದೆ ಗೂಟವನ್ನೇ ಹೊಡೆಯುವುದಿಲ್ಲ. ರಾಗ ಹಾಕುವವರಿಗೆ? 'ಒಂದು ಟ್ಯೂನ್ ತಾನೇ ಮೇಡಂ, ಅಡುಗೆ ಮಾಡ್ತಾ ಮಾಡ್ತಾ ಹೊಳೆಯುತ್ತೆ' ಎಂದರು ಖಜಾಂಚಿ. ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಪ್ರಾರ್ಥನೆ ಹಾಡುವ ಭಾಗ್ಯ. ಬುಟ್ಟಿಯಲ್ಲಿ ಸೇಬು ಮೇಲೆ, ಕೆಳಗೆ ಬರೀ ಕಾಗದದ ಚೂರು. ಫ್ಲೆಕ್ಸಿನಲ್ಲಿ ಸಮಿತಿಯ ಗಂಡಸರು ಆಳೆತ್ತರ. ಮೇಡಂ ಮಾತ್ರ ಕೆಳಗೆ, ಪ್ರಿಂಟರಿನವನ ಫೋನ್ ನಂಬರ್ ಪಕ್ಕ.

ಕಾಪಿರೈಟ್ ಕಾನೂನು ಬೇರೆ ನಮ್ಮವರಿಗೆ ಅರ್ಥವೇ ಆಗದಷ್ಟು ಉದಾರಿ. ರಾಗ ಹಾಕಿದವರು ಸತ್ತ ಮೇಲೂ 60 ವರ್ಷ ಆ ರಾಗದ ಹಕ್ಕು ಉಳಿಯುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಸಿನಿಮಾಕ್ಕೆ, ರೆಕಾರ್ಡಿಂಗಿಗೆ ಹಾಡು ಕೊಟ್ಟ ಸಂಯೋಜಕರ ರಾಯಲ್ಟಿಯನ್ನು ಯಾರೂ ಬರೆಸಿಕೊಂಡು ನುಂಗುವ ಹಾಗಿಲ್ಲ. ಸತ್ತ ಮೇಲಿನ 60 ವರ್ಷದ ಮಾತು ಹಾಗಿರಲಿ, ಬದುಕಿರುವಾಗ ಪೆಟ್ರೋಲ್ ಖರ್ಚು ಕೇಳಿದರೆ 'ಕಲೆಯನ್ನು ಮಾರ್ಕೋಬೇಡಿ ಮೇಡಂ' ಎಂಬ ಉಪದೇಶ ಬರುತ್ತದೆ. ಉಪದೇಶ ಮಾಡಿದವರದು ಅಡಿಕೆ ಮಂಡಿ. ರೇಟು ಇಳಿದ ದಿನ ಚೀಲವನ್ನೇ ಬಿಚ್ಚುವವರಲ್ಲ.

ನಮ್ಮೂರನ್ನೇ ಬೈದು ಪ್ರಯೋಜನವಿಲ್ಲ. ವಿಯೆನ್ನಾದ ಫಿಲ್ಹಾರ್ಮೋನಿಕ್ ವಾದ್ಯವೃಂದ 1939ರಿಂದ ಹೊಸ ವರ್ಷದ ಕಛೇರಿ ನಡೆಸುತ್ತಿದೆ. ಅಲ್ಲಿ ಹೆಣ್ಣೊಬ್ಬಳ ರಚನೆ ಮೊದಲ ಸಲ ನುಡಿದದ್ದು 2025ರಲ್ಲಿ. ಆಕೆ ಕಾನ್‌ಸ್ಟಾನ್ಸೆ ಗೈಗರ್. ತೀರಿಕೊಂಡದ್ದು 1890ರಲ್ಲಿ. ನೋಡಿ, ಅಷ್ಟು ದೊಡ್ಡ ಸಮಿತಿಯೂ ಸಂಭಾವನೆ ಕೇಳದವರನ್ನೇ ಹುಡುಕಿತು!

ಕೊನೆಗೆ ನಮ್ಮ ಸಮಿತಿ ಒಂದು ದಾರಿ ಕಂಡುಕೊಂಡಿತು. ಹಾಡಿಗೆ ಅಧ್ಯಕ್ಷರ ಭಾವಮೈದನೇ ರಾಗ ಹಾಕುವುದು, ಕವರ್ ಸಮೇತ. ಮೇಡಂ ಹೆಸರಿನಲ್ಲಿ ಮುಂದೆ ಒಂದು ಸ್ಮಾರಕ ಪ್ರಶಸ್ತಿ ಇಡುವುದು. ನಿರ್ಣಯಕ್ಕೆ ಚಪ್ಪಾಳೆ ಬಿತ್ತು. ಮರುದಿನವೇ ಕಾರ್ಯದರ್ಶಿ ಫೋನ್ ಮಾಡಿದರಂತೆ: 'ಮೇಡಂ, ಆರೋಗ್ಯ ಹೇಗಿದೆ?'

'ತುಂಬಾ ಚೆನ್ನಾಗಿದೆ' ಎಂದರಂತೆ ಅವರು.

'ಓಹ್' ಎಂದು ಇವರು ಫೋನ್ ಇಟ್ಟರಂತೆ.