ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕೂ ತುಂಬಿದ ಕಥೆ

ಮೊನ್ನೆ ಶಿರಾದಿಂದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣ, 6000 ಸ್ಪೀಡಿನ ರ್‍ಯಾಮ್ ತಗೊಂಡೆ, ಟಾಸ್ಕ್ ಮ್ಯಾನೇಜರ್‌ನಲ್ಲಿ 4800 ತೋರಿಸ್ತಿದೆ. ಅಂಗಡಿಯೋನು ಟೋಪಿ ಹಾಕಿದ್ನಾ?" ಮದರ್‌ಬೋರ್ಡ್ ಯಾವುದಪ್ಪಾ ಅಂದೆ. ಎಚ್610 ಚಿಪ್‌ಸೆಟ್ಟಿಂದು, ಪ್ರೊಸೆಸರ್ 12ನೇ ಪೀಳಿಗೆಯ ಐ5. ಟೋಪಿ ಏನಿಲ್ಲ ಕಣಪ್ಪಾ, ಆ ಚಿಪ್‌ಸೆಟ್ ರ್‍ಯಾಮ್ ಓವರ್‌ಕ್ಲಾಕ್ ಮಾಡೋಕೇ, ಅಂದ್ರೆ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸೋಕೇ ಬಿಡಲ್ಲ, ಪ್ರೊಸೆಸರ್ 4800 ಅಂದ್ರೆ 4800 ಅಷ್ಟೇ. ಬಿ660 ಅಥವಾ ಬಿ760 ಆಗಿದ್ರೆ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಆನ್ ಮಾಡಿ ಮೇಲಕ್ಕೆ ಏರಿಸಬಹುದಿತ್ತು. ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಬಿದ್ದಿದೆ, ನೀನು ಮುಕ್ಕಾಲಿಂಚು ಪೈಪ್ ಬಿಟ್ಟಿದೀಯ ಅಂದೆ. ಅಡಿಕೆ ತೋಟದವನು, ಆಮೇಲೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅವನಿಗೆ ಬುದ್ಧಿ ಹೇಳಿ ಫೋನ್ ಇಟ್ಟೆನೇ ಹೊರತು ನಾನೇನು ಕಮ್ಮಿ ಪೆದ್ದನಲ್ಲ.

ತುಮಕೂರಲ್ಲಿ ನಂದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಎಎಂಡಿಯ ರೈಜನ್ 7 7700 ಪ್ರೊಸೆಸರ್, ಒಂದು ಬಿ650 ಬೋರ್ಡ್, 16 ಜಿಬಿಯ ಎರಡು ಸ್ಟಿಕ್. 6000 ಸ್ಪೀಡು, ಸಿಎಲ್30 (ಸಿಎಲ್ ಅಂದ್ರೆ ಕೇಳಿದ ಡೇಟಾ ಕೊಡೋಕೆ ರ್‍ಯಾಮ್ ಕಾಯಿಸೋ ಸುತ್ತುಗಳು, ಕಮ್ಮಿಯಿದ್ದಷ್ಟೂ ಒಳ್ಳೇದು). ಬೋರ್ಡಲ್ಲಿ ನಾಲ್ಕು ಸ್ಲಾಟ್ ಇದೆಯಲ್ಲ, ಕೈಯಲ್ಲಿ ದುಡ್ಡಾದಾಗ ಇನ್ನೆರಡು ಹಾಕಿದ್ರಾಯ್ತು ಅಂತ ಲೆಕ್ಕ. ಹಳೇ ಪೀಳಿಗೆಯ ಡಿಡಿಆರ್3 ರ್‍ಯಾಮ್ ಕಾಲದಿಂದ ಹಾಗೇ ಮಾಡ್ಕೊಂಡು ಬಂದಿದ್ದು. ಮಾಘದ ಮುಹೂರ್ತಗಳು ಬಂದ್ವು, ಮೂರು ಕ್ಯಾಮೆರಾದ 4ಕೆ ಫೂಟೇಜ್ ಒಟ್ಟಿಗೆ ಹಾಕಿದ್ರೆ 32 ಜಿಬಿ ಸಾಲ್ತಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಅದೇ ಕಂಪನಿದು, ಅದೇ ಮಾಡೆಲ್ಲು, ಇನ್ನೆರಡು ತಂದೆ.

ರಾತ್ರಿ ಹತ್ತಕ್ಕೆ ಹಾಕಿ ಆನ್ ಮಾಡಿದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಡಿರ್‍ಯಾಮ್ ಅಂತ ಬರೆದಿರೋ ಕಡೆ ಸಾಸಿವೆ ಕಾಳಿನಷ್ಟು ಹಳದಿ ಲೈಟು ಉರೀತಾ ಕೂತಿದೆ. ಆಫ್ ಮಾಡ್ದೆ, ಆನ್ ಮಾಡ್ದೆ, ಸ್ಟಿಕ್ ಕಿತ್ತು ಒರೆಸಿ ಮತ್ತೆ ಒತ್ತಿದೆ. ಹೊಸ ಡಿಡಿಆರ್5 ಸ್ಟಿಕ್ ಹಾಕಿದಾಗ ಬೋರ್ಡ್ ಮೆಮೊರಿ ಟ್ರೈನಿಂಗ್ ಅಂತ, ಸ್ಟಿಕ್ಕಿಗೆ ಹೊಂದಿಕೊಳ್ಳೋಕೆ, ಎಷ್ಟೋ ನಿಮಿಷ ಕಪ್ಪಗೇ ಇರುತ್ತೆ, ಮಧ್ಯೆ ಆಫ್ ಮಾಡಿದ್ರೆ ಮತ್ತೆ ಮೊದಲಿಂದ ಶುರು ಅನ್ನೋದು ನನಗೆ ಆವತ್ತು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅರ್ಧ ಗಂಟೆ ಕಾದು ನೋಡಿದೆ, ಏನೂ ಬರಲಿಲ್ಲ. ಕೊನೆಗೆ ಬೋರ್ಡಿನ ಸೆಟ್ಟಿಂಗ್ ಅಳಿಸಿಹೋಗಲಿ ಅಂತ ಬಯೋಸ್ ಬ್ಯಾಟರಿ ತೆಗೆದು ಮತ್ತೆ ಹಾಕಿ, ಕೈಕಟ್ಟಿ ಕೂತೆ. ಬಂತು. 3600ರಲ್ಲಿ.

ಮೋಸ ಯಾರದೂ ಅಲ್ಲ. ಈ ಪ್ರೊಸೆಸರಿಗೆ ಎರಡು ಸ್ಟಿಕ್ ಹಾಕಿದ್ರೆ 5200, ನಾಲ್ಕು ಹಾಕಿದ್ರೆ 3600 ಅಂತ ಎಎಂಡಿಯವರೇ ಬರೆದಿಟ್ಟಿದ್ದಾರೆ. ಎಕ್ಸ್‌ಪೋ ಅನ್ನೋ, ಎಕ್ಸ್‌ಎಂಪಿ ಥರದ್ದೇ ಎಎಂಡಿ ಸೆಟ್ಟಿಂಗ್ ಆನ್ ಮಾಡಿ ಪಡೆಯೋ 6000 ಅದಕ್ಕಿಂತ ಮೇಲಿನ ಓವರ್‌ಕ್ಲಾಕು. ರ್‍ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡು ದಾರಿ, ಅಂದ್ರೆ ಎರಡು ಚಾನೆಲ್‌ನಲ್ಲಿ 6000 ಅಂದ್ರೆ ಲೆಕ್ಕದ ಮೇಲೆ ಸೆಕೆಂಡಿಗೆ 96 ಜಿಬಿ, 3600ಕ್ಕೆ 57.6. ಕಾಸು ಕೊಟ್ಟು ಸ್ಪೀಡ್ ಕಳ್ಕೊಂಡು ಬಂದಿದ್ದೆ. ನಾಲ್ಕು ಹಾಕಿ 6000 ಓಡಿಸೋರೂ ಇದಾರೆ, ಅವರ ಅದೃಷ್ಟ.

ಬೋರ್ಡ್ ಆರಿಸುವಾಗ ಡಬ್ಬದ ಮೇಲಿನ 8000 ನೋಡಿ ಮರುಳಾಗಬೇಡಿ ಅನ್ನೋದು ಅದಕ್ಕೇ. ಯಾವ ಪ್ರೊಸೆಸರ್ ಜೊತೆ, ಎಷ್ಟು ಸ್ಟಿಕ್ ಹಾಕಿದಾಗ ಅಷ್ಟು ಅಂತ ಡಬ್ಬ ಹೇಳಲ್ಲ. ನನ್ನದರಂಥ ಎಎಂ5 ಸಾಕೆಟ್ಟಿನ ರೈಜನ್‌ನಲ್ಲಿ 6000, ಹೆಚ್ಚೆಂದ್ರೆ 6400 ದಾಟಿದ ಮೇಲೆ ಸಾಮಾನ್ಯವಾಗಿ ಪ್ರೊಸೆಸರ್ ಒಳಗೆ ರ್‍ಯಾಮ್ ನೋಡ್ಕೊಳ್ಳೋ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತೆ, 7200ರ ರ್‍ಯಾಮ್ ಕೊಂಡು 6000ರವರಿಗಿಂತ ಹಿಂದೆ ಬಿದ್ದೋರನ್ನ ನೋಡಿದೀನಿ. ಆ ದುಡ್ಡಲ್ಲಿ ಸಿಎಲ್ ಕಮ್ಮಿ ಇರೋ ಸ್ಟಿಕ್ ತಗೊಳ್ಳಿ. 6000ಕ್ಕೆ ಸಿಎಲ್30 ಅಂದ್ರೆ 10 ನ್ಯಾನೊಸೆಕೆಂಡ್, ಸಿಎಲ್40 ಅಂದ್ರೆ 13ರ ಮೇಲೆ. ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಆ ಬೋರ್ಡಲ್ಲಿ ಪರೀಕ್ಷೆ ಮಾಡಿ ನೋಡಿದ ಸ್ಟಿಕ್ಕುಗಳ ಕ್ಯೂವಿಎಲ್ ಅನ್ನೋ ಪಟ್ಟಿ ಇರುತ್ತೆ, ನಿಮ್ಮ ಸ್ಟಿಕ್ಕಿನ ಪೂರ್ತಿ ನಂಬರ್ ಅದರಲ್ಲಿ ಹುಡುಕಿ. ನಂಗೆ ಕೇಳಿದ್ರೆ ಎರಡೇ ಸ್ಲಾಟಿನ ಬೋರ್ಡೇ ವಾಸಿ. ವೈರಿಂಗ್ ಚೊಕ್ಕ, ಆಸೆಗೂ ಜಾಗ ಇರಲ್ಲ. ನಾಲ್ಕು ಸ್ಲಾಟ್ ಇದ್ರೆ ಎರಡು ಸ್ಟಿಕ್ ಹಾಕಬೇಕಾದ್ದು ಪ್ರೊಸೆಸರ್ ಕಡೆಯಿಂದ ಎರಡನೇದಕ್ಕೆ, ನಾಲ್ಕನೇದಕ್ಕೆ.

ಟ್ಯಾಲಿ, ನುಡಿ ಟೈಪಿಂಗ್, ಜೆರಾಕ್ಸ್ ಅಂಗಡಿ ಕೆಲಸಕ್ಕೆ ಇದ್ಯಾವುದೂ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡೋ ಕಾಲೇಜ್ ಹುಡುಗರಿಗೆ ಮಾತ್ರ ರ್‍ಯಾಮ್ ಸ್ಪೀಡೇ ಜೀವಾಳ. ನನ್ನಂಥ ಎಡಿಟಿಂಗ್‌ನವರಿಗೆ ಮೊದಲು ಜಿಬಿ, ಆಮೇಲೆ ಸ್ಪೀಡು. ಮೊದಲನೇ ದಿನವೇ 32ರ ಎರಡು ಸ್ಟಿಕ್ ಹಾಕಿಸಬೇಕಿತ್ತು. ಆಮೇಲೆ ಹಾಕಿಸಿದೆ, 6000ರಲ್ಲಿ ಓಡ್ತಿದೆ.

ಹಳೇ 16ರ ಸ್ಟಿಕ್‌ಗಳಲ್ಲಿ ಎರಡು ಅಕ್ಕನ ಮಗನ ಕಂಪ್ಯೂಟರ್‌ಗೆ ಹೋದ್ವು. ಇನ್ನೆರಡು ಡ್ರಾಯರ್‌ನಲ್ಲಿವೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ರೇಟ್ ಕೇಳೋಕೆ ಮುಂಚೆ ಬೋರ್ಡ್ ಹೆಸರು ಹೇಳಿ.