ಬಿಲ್ಲೆ ಇದ್ದರೆ ಡೋಲು, ಇಲ್ಲದಿದ್ದರೆ ಗಲಾಟೆ

ಡೋಲು ಹೊಡೆಯೋದಕ್ಕೆ ಏನೇನು ಬೇಕು? ಒಂದು ಡೋಲು, ಎರಡು ಕೋಲು, ಗಟ್ಟಿ ರಟ್ಟೆ. ಇಷ್ಟೇ ಸಾಕು ಅಂದುಕೊಂಡಿದ್ದರೆ ನಿಮಗೆ ಹಳೇ ಇಂಗ್ಲೆಂಡಿನ ಪುರಸಭೆಗಳ ಪರಿಚಯ ಇಲ್ಲ. ಅಲ್ಲಿ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಬಿಲ್ಲೆ. ಡೋಲು ಆಮೇಲೆ. ರಟ್ಟೆ ಇಲ್ಲದಿದ್ದರೂ ನಡೀತಿತ್ತು.

16, 17ನೇ ಶತಮಾನದ ಎಷ್ಟೋ ಊರುಗಳಲ್ಲಿ ಪುರಸಭೆಯದೇ ಡೋಲು, ಪುರಸಭೆಯದೇ ಡೋಲಿನವನು. ಊರ ಪಡೆ ಕವಾಯತಿಗೆ ಸೇರಬೇಕೇ? ಡೋಲು. ರಾಜನ ಆಜ್ಞೆ ಸಾರಬೇಕೇ? ಡೋಲು. ಮೇಯರ್ ಸಾಹೇಬರು ಮೆರವಣಿಗೆ ಹೊರಟರೇ? ಡೋಲು. ಚರ್ಮ ಹರಿದರೆ ಹೊಸ ಚರ್ಮದ ದುಡ್ಡು ಊರ ಲೆಕ್ಕದಲ್ಲಿ. ದೊಡ್ಡ ಊರುಗಳಲ್ಲಿ ಇದರ ಜೊತೆಗೆ ‘ವೇಟ್’ ಎಂಬ ವಾದ್ಯದವರ ತಂಡವೇ ಇರುತ್ತಿತ್ತು. ನಮ್ಮ ಓಲಗದ ದೂರದ ನೆಂಟನಂತಿರುವ ಶಾಮ್ ಊದುತ್ತಿದ್ದರು. ಮೈಮೇಲೆ ಊರು ಕೊಟ್ಟ ಕೋಟು, ಕೊರಳಲ್ಲಿ ಬೆಳ್ಳಿ ಸರ, ಸರಕ್ಕೆ ಊರಿನ ಮುದ್ರೆಯ ಬಿಲ್ಲೆ.

ಆ ಬಿಲ್ಲೆಯ ಬೆಲೆ ಎಷ್ಟು ಅಂತೀರಾ? ಸರಿಯಾಗಿ ಒಂದು ಕಿವಿ.

1572ರಲ್ಲಿ ಅಲ್ಲಿನ ಪಾರ್ಲಿಮೆಂಟು ಅಲೆಮಾರಿಗಳ ಮೇಲೆ ಒಂದು ಕಾನೂನು ತಂದಿತು. ದೊಡ್ಡ ಮನುಷ್ಯರ ಆಶ್ರಯ ಇಲ್ಲದೆ ಊರೂರು ಅಲೆಯುವ ನಾಟಕದವರು, ಕರಡಿ ಆಡಿಸುವವರು, ವಾದ್ಯದವರು ಎಲ್ಲರೂ ಪುಂಡರು ಎಂದಿತು. ಸಿಕ್ಕಿಬಿದ್ದರೆ ಚಾಟಿಯೇಟು. ಆಮೇಲೆ ಒಂದು ಇಂಚು ಸುತ್ತಳತೆಯ ಕಾದ ಕಬ್ಬಿಣದಿಂದ ಬಲಗಿವಿಗೆ ತೂತು. ಯಾರಾದರೂ ಮರ್ಯಾದಸ್ಥರು ಮುಂದೆ ಬಂದು, ಇವನನ್ನು ಒಂದು ವರ್ಷ ಕೆಲಸಕ್ಕೆ ಇಟ್ಟುಕೊಳ್ತೀವಿ ಅಂದರೆ ಮಾಫಿ. ಸದ್ದು ಮಾಡಿದ್ದು ಕೈ, ಶಿಕ್ಷೆ ಕಿವಿಗೆ. ಕಬ್ಬಿಣದ ಅಳತೆಯನ್ನೂ ಕಾನೂನಿನಲ್ಲೇ ಬರೆದಿಟ್ಟಿದ್ದರು ನೋಡಿ. ಒಂದೂಕಾಲು ಇಂಚು ಮಾಡಿದರೆ ಅನ್ಯಾಯ ಆಗಿಬಿಡುತ್ತದಲ್ವಾ!

ಹಾಗಂತ ಬಿಲ್ಲೆ ಇದ್ದವರು ಮಾಡುತ್ತಿದ್ದ ಘನಂದಾರಿ ಕೆಲಸವೇನು? 15ನೇ ಶತಮಾನದಲ್ಲಿ ನಾಲ್ಕನೇ ಎಡ್ವರ್ಡ್ ರಾಜನ ಅರಮನೆಯ ನಿಯಮಗಳಲ್ಲಿ ಇಂಥ ಒಬ್ಬ ವೇಟ್‌ನ ಕೆಲಸ ಬರೆದಿದ್ದಾರೆ. ಚಳಿಗಾಲದಲ್ಲಿ ರಾತ್ರಿಗೆ ನಾಲ್ಕು ಸಲ, ಬೇಸಿಗೆಯಲ್ಲಿ ಮೂರು ಸಲ ವಾದ್ಯ ಊದಬೇಕು. ಕಳ್ಳಕಾಕರ ಭಯಕ್ಕೆ ಒಂದೊಂದು ಬಾಗಿಲಿಗೂ ಹೋಗಿ ಕಾವಲು ಗಟ್ಟಿಯಾಗಿದೆ ಅಂತ ಸಾರಬೇಕು. ಈಗ ಕಳ್ಳನ ಕಡೆಯಿಂದ ಸ್ವಲ್ಪ ಯೋಚನೆ ಮಾಡಿ. ಕತ್ತಲಲ್ಲಿ ಕಂಬದ ಹಿಂದೆ ಕೂತಿದ್ದಾನೆ. ಕಾವಲುಗಾರ ಎಲ್ಲಿದ್ದಾನೋ ಅಂತ ಎದೆ ಡವಡವ. ಅಷ್ಟರಲ್ಲಿ ಸರ್ಕಾರವೇ ಸಂಬಳ ಕೊಟ್ಟು ಪೀಪಿ ಊದಿಸಿ ಹೇಳುತ್ತಿದೆ: ಸದ್ಯಕ್ಕೆ ಅಡುಗೆಮನೆ ಹತ್ತಿರ ಇದ್ದೀವಿ, ಉಗ್ರಾಣದ ಕಡೆ ಬರೋದು ಲೇಟು. ಕಳ್ಳರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಇಲಾಖೆ ಇನ್ನೊಂದಿಲ್ಲ.

ಲಂಡನ್ನಿನವರ ಲೆಕ್ಕ ಇನ್ನೂ ಚೆನ್ನಾಗಿತ್ತು. 1419ರಲ್ಲಿ ಸೇರಿಸಿಟ್ಟ ಅಲ್ಲಿನ ಹಳೇ ಕಟ್ಟಳೆಗಳ ಪುಸ್ತಕದಲ್ಲಿ, ಹಾದರದ ದಂಧೆ ನಡೆಸಿ ಸಿಕ್ಕಿಬಿದ್ದವರ ತಲೆ ಬೋಳಿಸಿ ವಾದ್ಯದವರ ಸಮೇತ ಶಿಕ್ಷೆಯ ಕಟ್ಟೆಗೆ ಕರೆದೊಯ್ಯಬೇಕು ಅಂತಿದೆ. ಮೇಯರ್‌ಗೂ ವಾದ್ಯ, ತಲೆಹಿಡುಕನಿಗೂ ವಾದ್ಯ. ಕಿಟಕಿಯಿಂದ ಇಣುಕಿದವರಿಗೆ ಬರುತ್ತಿರೋದು ಯಾರು ಅಂತ ಗೊತ್ತಾಗಬೇಕಾದರೆ ತಲೆ ನೋಡಬೇಕು: ಹ್ಯಾಟ್ ಇದೆಯೋ, ಬೋಳಿದೆಯೋ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಬ್ಬ ಬಡಪಾಯಿಯ ಕತೆ ಹೇಳೋದಕ್ಕೆ. ಹೆಸರು ವಿಲಿಯಂ ಡ್ರೂರಿ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಪಡೆಗೆ ಡೋಲು ಹೊಡೆದವನು. ಯುದ್ಧ ಮುಗಿಯಿತು, ರಾಜ ವಾಪಸ್ ಬಂದ, ಡ್ರೂರಿಯ ಹತ್ತಿರ ಉಳಿದದ್ದು ಡೋಲು ಮಾತ್ರ. 1661ರ ಮಾರ್ಚ್‌ನಲ್ಲಿ ವಿಲ್ಟ್‌ಷೈರ್‌ನ ಲಡ್ಜರ್ಸ್‌ಹಾಲ್ ಎಂಬ ಸಣ್ಣ ಊರಿಗೆ ಬಂದು ಡೋಲು ಬಾರಿಸುತ್ತ, ಊರ ಕಾನ್‌ಸ್ಟೇಬಲ್ ಹತ್ತಿರ ಸರ್ಕಾರಿ ದುಡ್ಡು ಕೊಡಿ ಅಂತ ಕೂತ. ಕೈಯಲ್ಲಿ ಒಂದು ಪರವಾನಗಿ ಕಾಗದ. ಪಾಪ, ಊರಿನವರು ಕೆಲವು ದಿನ ಸಹಿಸಿಕೊಂಡರು. ಸಹಿ ಇರುವ ಗದ್ದಲ ಅಲ್ವಾ, ಏನು ಮಾಡೋದು?

ಆ ಹೊತ್ತಿಗೆ ಪಕ್ಕದ ಟೆಡ್‌ವರ್ತ್‌ನ ಜಾನ್ ಮಾಂಪೆಸನ್ ಎಂಬ ಸಾಹೇಬರು ಅಲ್ಲಿಗೆ ಬಂದರು. ಡೋಲಿನ ಸದ್ದು ಕೇಳಿ, ಏನಿದು ಅಂತ ವಿಚಾರಿಸಿದರು. ಡ್ರೂರಿಯನ್ನು ಕರೆಸಿ, ಡೋಲು ಹೊತ್ತು ತಿರುಗೋದಕ್ಕೆ ನಿನಗೆ ಅಧಿಕಾರ ಕೊಟ್ಟವರು ಯಾರು ಅಂದರು. ಚೆನ್ನಾಗಿ ಹೊಡೀತೀಯಾ, ತಾಳ ತಪ್ಪುತ್ತಾ, ಊಟ ಆಯ್ತಾ, ಇದ್ಯಾವುದೂ ಕೇಳಲಿಲ್ಲ. ಅವನು ಕಾಗದ ಕೊಟ್ಟ. ಅದರಲ್ಲಿ ಇಬ್ಬರು ದೊಡ್ಡವರ ಸಹಿ. ಆ ಇಬ್ಬರ ಅಕ್ಷರವೂ ಮಾಂಪೆಸನ್‌ಗೆ ಪರಿಚಯ. ಸಹಿ ನಕಲಿ. ಡ್ರೂರಿ ತಪ್ಪೊಪ್ಪಿಕೊಂಡ. ಏನಾದರೂ ಮಾಡಿ ಸ್ವಾಮಿ, ಡೋಲು ಮಾತ್ರ ಕೊಟ್ಟುಬಿಡಿ ಅಂತ ಬೇಡಿಕೊಂಡ.

ಆಗ ಹೊರಬಿದ್ದ ತೀರ್ಪು ಆಡಳಿತದ ಪಾಠಪುಸ್ತಕದಲ್ಲಿ ಸೇರಬೇಕಾದದ್ದು. ಕಾನ್‌ಸ್ಟೇಬಲ್ ಕರುಣೆ ತೋರಿ ಡ್ರೂರಿಯನ್ನು ಬಿಟ್ಟುಬಿಟ್ಟ. ಡೋಲನ್ನು ಬಿಡಲಿಲ್ಲ! ನಕಲಿ ಸಹಿ ಹಾಕಿಸಿದವನು ಬೀದಿಯಲ್ಲಿ ಆರಾಮಾಗಿ ಹೊರಟ. ಓದು ಬರಹ ಬಾರದ ಡೋಲು ವಶಕ್ಕೆ. ಏಪ್ರಿಲ್‌ನಲ್ಲಿ ಅಲ್ಲಿನ ಬೇಲಿಫ್ ಎಂಬ ಊರ ಅಧಿಕಾರಿ ಅದನ್ನು ಮಾಂಪೆಸನ್‌ರ ಮನೆಗೇ ಕಳಿಸಿಕೊಟ್ಟ. ಜಪ್ತಿ ಮಾಡಿದ ಸಾಮಾನನ್ನು ಕಚೇರಿಯಿಂದ ಸಾಗಹಾಕುವ ವಿದ್ಯೆ ಆಗಲೂ ಇತ್ತು.

ಅಲ್ಲಿಂದ ಶುರುವಾಯಿತು. ರಾತ್ರಿ ಬಾಗಿಲು ಬಡಿಯುವ ಸದ್ದು, ಗೋಡೆ ಗುದ್ದುವ ಸದ್ದು. ಆಮೇಲೆ ಡೋಲು ಇಟ್ಟಿದ್ದ ಕೋಣೆಯಿಂದಲೇ ಸದ್ದು. ಐದು ರಾತ್ರಿ ಸತತವಾಗಿ, ಆಮೇಲೆ ಮೂರು ರಾತ್ರಿ ರಜೆ. ರಜೆಯ ಲೆಕ್ಕ ನೋಡಿದರೆ ದೆವ್ವಕ್ಕೂ ಸರ್ಕಾರಿ ನೌಕರಿಯ ಅನುಭವ ಇದ್ದಂತಿದೆ. ಮಕ್ಕಳ ಮಂಚಗಳು ಅದುರಿದವಂತೆ. ಸೈನ್ಯದ ವರಸೆಗಳನ್ನೆಲ್ಲ ಒಂದೂ ತಪ್ಪದೆ ಬಾರಿಸಿತಂತೆ. ಸುದ್ದಿ ಇಂಗ್ಲೆಂಡ್ ತುಂಬ ಹಬ್ಬಿತು. ಜೋಸೆಫ್ ಗ್ಲಾನ್‌ವಿಲ್ ಎಂಬ ಪಾದ್ರಿ 1663ರ ಜನವರಿಯಲ್ಲಿ ಬಂದು, ಮಕ್ಕಳ ಹಾಸಿಗೆಯ ಹಿಂದೆ ಪರಚುವ ಸದ್ದು ಕೇಳಿ, ಎಲ್ಲ ಬರೆದಿಟ್ಟ. ರಾಜ ಎರಡನೇ ಚಾರ್ಲ್ಸ್ ತನ್ನ ಆಸ್ಥಾನದವರನ್ನು ವಿಚಾರಣೆಗೆ ಕಳಿಸಿದ. ಅವರು ಬಂದ ರಾತ್ರಿ ಸದ್ದೇ ಇಲ್ಲ. ಮೇಲಿನಿಂದ ತನಿಖೆಗೆ ಬಂದಾಗ ಹೇಗಿರಬೇಕು ಅನ್ನೋದು ಆ ದೆವ್ವಕ್ಕೆ ಚೆನ್ನಾಗಿ ಗೊತ್ತಿತ್ತು.

ಡ್ರೂರಿ ಅಷ್ಟರಲ್ಲಿ ಬೇರೆ ಕಳ್ಳತನದ ಕೇಸಿನಲ್ಲಿ ಗ್ಲಾಸ್ಟರ್ ಜೈಲು ಸೇರಿದ್ದ. ನನ್ನ ಡೋಲು ಕಿತ್ತುಕೊಂಡವನಿಗೆ ನೆಮ್ಮದಿ ಇರಲ್ಲ ಅಂತ ಅಲ್ಲಿ ಯಾರ ಹತ್ತಿರವೋ ಜಂಬ ಕೊಚ್ಚಿಕೊಂಡನಂತೆ. ಅಷ್ಟಕ್ಕೇ 1663ರಲ್ಲಿ ಸಾಲಿಸ್ಬರಿಯಲ್ಲಿ ಮಾಟದ ಮೊಕದ್ದಮೆ ಹೂಡಿದರು. ಎರಡು ವರ್ಷ ಇಡೀ ರಾಜ್ಯ ತಲೆ ಕೆಡಿಸಿಕೊಂಡಿತು. ಮನೆಯವರು, ಪಾದ್ರಿ, ರಾಜ, ನ್ಯಾಯಾಧೀಶರು ಎಲ್ಲ ಯೋಚಿಸಿದರು. ಮೊದಲೇ ಅವನ ಡೋಲು ಅವನಿಗೆ ಕೊಟ್ಟು ಕಳಿಸಿದ್ದರೆ ಇಷ್ಟೆಲ್ಲ ಬೇಕಿತ್ತಾ?

ಬಿಲ್ಲೆ ಇದ್ದವರ ಪಾಡೂ ಸುಖದ್ದಲ್ಲ, ಬಿಡಿ. 1589ರಲ್ಲಿ ಇಂಗ್ಲೆಂಡಿನ ನೌಕಾ ಸೇನಾನಿ ಫ್ರಾನ್ಸಿಸ್ ಡ್ರೇಕ್ ಪೋರ್ಚುಗಲ್ ಕಡೆಗೆ ದಂಡೆತ್ತಿ ಹೋಗುವಾಗ ನಾರಿಚ್ ಊರಿನ ವೇಟ್‌ಗಳನ್ನು ಕಳಿಸಿಕೊಡಿ ಅಂದ. ಪುರಸಭೆ ಹೊಸ ವಾದ್ಯ, ಹೊಸ ನಿಲುವಂಗಿ ಕೊಡಿಸಿ ಕಳಿಸಿತು. ದಂಡಯಾತ್ರೆ ಮಣ್ಣು ಮುಕ್ಕಿತು. ವಾದ್ಯದವರಲ್ಲಿ ಎಲ್ಲರೂ ವಾಪಸ್ ಬರಲಿಲ್ಲ.

ಕೊನೆಗೆ 1835ರಲ್ಲಿ ಪುರಸಭೆ ಸುಧಾರಣೆಯ ಕಾನೂನು ಬಂತು. 178 ಊರುಗಳ ಹಳೇ ಆಡಳಿತ ಬದಲಾಯಿತು. ಊರ ದುಡ್ಡೆಲ್ಲ ಎಲ್ಲಿ ಸೋರುತ್ತಿದೆ ಅಂತ ಹುಡುಕಿದರು. ಔತಣಗಳು ಸಿಕ್ಕವು, ಸ್ವಜನಪಕ್ಷಪಾತ ಸಿಕ್ಕಿತು. ಮನೆಗೆ ಹೋದವರು ಮಾತ್ರ ಊದುವವರು. ಲೆಸ್ಟರ್‌ನ ಹೊಸ ಪುರಸಭೆಯವರು ಹುಮ್ಮಸ್ಸಿನಲ್ಲಿ ಮೇಯರ್‌ನ ಮುಂದೆ ಹಿಡಿಯುವ ದಂಡವನ್ನೇ ಮಾರಿಬಿಟ್ಟರು. ಆಮೇಲೆ ನಾಚಿಕೆಯಾಗಿ ಅದನ್ನೇ ವಾಪಸ್ ಕೊಂಡುಕೊಂಡರು.

ರಿಪನ್ ಊರಿನಲ್ಲಿ ಈ ಸುಧಾರಣೆಗೆಲ್ಲ ಕ್ಯಾರೇ ಅನ್ನಲಿಲ್ಲ. ಇವತ್ತಿಗೂ ರಾತ್ರಿ 9 ಗಂಟೆಗೆ ಒಬ್ಬ ಕೋಟು ತೊಟ್ಟು ಸಂತೆ ಮೈದಾನದ ಸ್ತಂಭದ ನಾಲ್ಕು ಮೂಲೆಯಲ್ಲೂ ಕೊಂಬು ಊದುತ್ತಾನೆ. 886ರಿಂದ ನಡೆದು ಬಂದಿದೆ ಅನ್ನೋದು ಊರಿನವರ ನಂಬಿಕೆ. ಕಾವಲು ಶುರುವಾಯಿತು ಅಂತ ಅದರ ಅರ್ಥ. ಊದಿದ ಮೇಲೆ ಕಾವಲಿಗೆ ಹೊರಡುವವರು ಯಾರೂ ಇಲ್ಲ, ಅದಕ್ಕೆ ಪೊಲೀಸರಿದ್ದಾರೆ. ಪ್ರವಾಸಿಗರು ಚಪ್ಪಾಳೆ ತಟ್ಟುತ್ತಾರೆ. ನನ್ನನ್ನು ಕೇಳಿದರೆ ಇವರೆಲ್ಲರಲ್ಲಿ ನಿಜವಾಗಿ ಊರಿಗೆ ಬೇಕಾದ ಕೆಲಸ ನಡೆಯೋದು ಹೈ ವಿಕಂಬ್‌ನಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಮೇಯರ್‌ರನ್ನು ಬೀದಿಯಲ್ಲಿ ತಕ್ಕಡಿಗೆ ಕೂರಿಸಿ ತೂಗುತ್ತಾರೆ. ಹೋದ ವರ್ಷಕ್ಕಿಂತ ಜಾಸ್ತಿ ಬಂದರೆ ಕೂಗುತ್ತಾರೆ, ‘ಮತ್ತೂ ಸ್ವಲ್ಪ!’ ಜನರ ದುಡ್ಡಿನಲ್ಲಿ ತಿಂದದ್ದು ಅಂತ ಜನ ಅಣಕಿಸುತ್ತಾರೆ. ಇಂಥ ಡಂಗುರಕ್ಕೆ ನಾನೂ ತೆರಿಗೆ ಕಟ್ಟಲು ತಯಾರು.

ಇನ್ನು 2013ರ ಜುಲೈಗೆ ಬನ್ನಿ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ರಾಜಕುಮಾರ ಜಾರ್ಜ್ ಹುಟ್ಟಿದ. ಬಾಗಿಲ ಮುಂದೆ ಜಗತ್ತಿನ ಕ್ಯಾಮೆರಾಗಳೆಲ್ಲ ಸಾಲುಗಟ್ಟಿ ಕಾಯುತ್ತಿವೆ. ಅಷ್ಟರಲ್ಲಿ ಕೆಂಪು ಕೋಟು, ಪುಕ್ಕದ ಹ್ಯಾಟು, ಕೈಯಲ್ಲಿ ಗಂಟೆ ಹಿಡಿದ ಒಬ್ಬ ಹಿರಿಯರು ಬಂದು, ಸುರುಳಿ ಬಿಚ್ಚಿ, ಗಂಟಲು ಹರಿಯುವಂತೆ ಸುದ್ದಿ ಸಾರಿದರು. ಅರಮನೆಯ ಡಂಗುರದವರೇ ಬಂದರು ಅಂತ ಎಷ್ಟೋ ಚಾನೆಲ್‌ಗಳು ಜಗತ್ತಿಗೆಲ್ಲ ತೋರಿಸಿದವು. ಅರಮನೆಯವರು ಅವರನ್ನು ಕಳಿಸಿರಲೇ ಇಲ್ಲ. ತಾವಾಗೇ ಬಂದಿದ್ದರು. ನಿಜವಾದ ಅಧಿಕೃತ ಸೂಚನೆ ಅರಮನೆ ಅಂಗಳದಲ್ಲಿ ಒಂದು ಸ್ಟ್ಯಾಂಡಿನ ಮೇಲೆ ಚೌಕಟ್ಟಿನೊಳಗೆ ಸುಮ್ನೆ ಕೂತಿತ್ತು.

ಆಸ್ಪತ್ರೆ ಬಾಗಿಲಲ್ಲಿ ಅವರನ್ನು ಯಾರೂ ಕಾಗದ ತೋರಿಸಿ ಅನ್ನಲಿಲ್ಲ. ಕೋಟು ಚೆನ್ನಾಗಿತ್ತು.