ವ್ಯಾನ್ ಮೇಲಿನ ಸೋಲಾರ್ ನಮ್ಮ ಬಿಸಿಲಿಗೆ ತಕ್ಕ ಹಾಗೆ ಇರಲಿ

ನಮ್ಮ ಟೆಂಪೋ ಟ್ರಾವೆಲರ್, ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್‌ವ್ಯಾನ್ ಆದಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ವ್ಯಾಟ್ ಪ್ಯಾನಲ್ ಹಾಕಿಸಿದ್ದೀರಿ?" 400 ವ್ಯಾಟ್. ಎರಡು ಪ್ಯಾನಲ್, ತಲಾ 200. ಆದರೆ ದಯವಿಟ್ಟು ಈ ಸಂಖ್ಯೆ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. ದುಡ್ಡು ಕೊಟ್ಟರೆ ಪ್ಯಾನಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ರಸ್ತೆಗೆ ತಕ್ಕ ಹಾಗೆ ಕೂರಿಸುವುದೇ ದೊಡ್ಡ ಕೆಲಸ. ಆ ಕಡೆ ಯಾರೂ ಸರಿಯಾಗಿ ಗಮನ ಕೊಡುತ್ತಿಲ್ಲ ಅನ್ನುವುದು ನನ್ನ ಬೇಸರ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ಲೆಕ್ಕ ಹಾಕಿ. ದುಡ್ಡಿನದ್ದಲ್ಲ, ಕರೆಂಟಿನದ್ದು. ಸಾವಿರ ವ್ಯಾಟಿನ ವಸ್ತು ಒಂದು ಗಂಟೆ ಓಡಿದರೆ ಒಂದು ಯೂನಿಟ್, ಮನೆ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ. ನಮ್ಮದು 45 ವ್ಯಾಟಿನ 12 ವೋಲ್ಟ್ ಫ್ರಿಜ್. ಬೇಸಿಗೆಯಲ್ಲಿ ಅದರ ಕಂಪ್ರೆಸರ್ ದಿನದ ಅರ್ಧ ಹೊತ್ತು ಓಡುತ್ತದೆ. ಅಲ್ಲಿಗೆ ಅರ್ಧ ಯೂನಿಟ್ ಆಯಿತು. ರಾತ್ರಿಯಿಡೀ ರೂಫ್ ಫ್ಯಾನ್, ನಾಲ್ಕು ಎಲ್‌ಇಡಿ ದೀಪ, ಫೋನು, ಲ್ಯಾಪ್‌ಟಾಪ್ ಎಲ್ಲ ಸೇರಿ ಇನ್ನೊಂದರ್ಧ. ಒಟ್ಟು ದಿನಕ್ಕೆ ಸುಮಾರು ಒಂದು ಯೂನಿಟ್. ಒಳ್ಳೆ ಬಿಸಿಲಿದ್ದರೆ 400 ವ್ಯಾಟಿನ ಪ್ಯಾನಲ್‌ಗಳು ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತವೆ. 200 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದರೂ ಏನೂ ಆಗುವುದಿಲ್ಲ. 750 ವ್ಯಾಟ್ ಆದರೇನು, ಮೂರು ನಿಮಿಷದ ಕೆಲಸ. ಇನ್ವರ್ಟರ್ ಮಾತ್ರ ಪ್ಯೂರ್ ಸೈನ್ ವೇವ್, ಅಂದರೆ ಮನೆ ಕರೆಂಟಿನಂಥದ್ದೇ ನಯವಾದ ಕರೆಂಟ್ ಕೊಡುವಂಥದ್ದು ಇರಲಿ.

ಇಂಡಕ್ಷನ್ ಒಲೆ ಬೇಡ. 2000 ವ್ಯಾಟಿನ ಒಲೆ ಹಚ್ಚಿದರೆ 12 ವೋಲ್ಟ್ ಬ್ಯಾಟರಿಯಿಂದ 170 ಆಂಪಿಯರ್‌ಗೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಅಡುಗೆ ಗ್ಯಾಸಿನಲ್ಲೇ ಆಗಲಿ. ರಾತ್ರಿಯಿಡೀ ಎಸಿ ಅನ್ನುವ ಆಸೆಯನ್ನೂ ಈ 400 ವ್ಯಾಟ್ ನಂಬಿ ಇಟ್ಟುಕೊಳ್ಳಬೇಡಿ.

ಈಗ ಬಿಸಿಲಿಗೆ ಬರೋಣ. ಯೂಟ್ಯೂಬ್‌ನಲ್ಲಿ ಸಿಗುವ ವ್ಯಾನ್ ವಿಡಿಯೋಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದವರು ಮಾಡಿದ್ದು. ಅವರ ಕಷ್ಟ ಬೇರೆ. ಡಿಸೆಂಬರ್ ನಡುಮಧ್ಯಾಹ್ನ ಲಂಡನ್ನಿನಲ್ಲಿ ಸೂರ್ಯ 15 ಡಿಗ್ರಿಯಷ್ಟೇ ಮೇಲೆ ಬರುತ್ತಾನೆ. ಅದಕ್ಕೇ ಅವರು ಪ್ಯಾನಲ್ ಎತ್ತಿ ಓರೆ ಮಾಡುವ ಕೀಲು, ಸ್ಟ್ಯಾಂಡ್ ಎಲ್ಲ ಹಾಕಿಸುತ್ತಾರೆ. ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸೂರ್ಯ 53 ಡಿಗ್ರಿ ಮೇಲಿರುತ್ತಾನೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ನಮ್ಮಲ್ಲಿ ಪ್ಯಾನಲ್ ರೂಫಿನ ಮೇಲೆ ಮಟ್ಟಸವಾಗಿ ಮಲಗಿದ್ದರೆ ಸಾಕು. ಓರೆ ಮಾಡುವ ಸ್ಟ್ಯಾಂಡಿಗೆ ದುಡ್ಡು ಸುರಿಯುವುದು ದಂಡ.

ನಮ್ಮ ಕಷ್ಟ ಕಾವಿನದು. ಪ್ಯಾನಲ್ ಮೇಲೆ ಬರೆದ ವ್ಯಾಟ್, ಅದರ ಸೆಲ್‌ಗಳು 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಗಾಳಿಯೇ 40 ದಾಟಿರುವಾಗ ಪ್ಯಾನಲ್ 65 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.35ರಷ್ಟು ಕೆಲಸ ಕಮ್ಮಿ. ನಿಮ್ಮ 400 ವ್ಯಾಟ್ ಅಲ್ಲೇ 345ಕ್ಕೆ ಇಳಿಯಿತು. ಅದಕ್ಕೇ ಪ್ಯಾನಲ್ ಕೆಳಗೆ ಗಾಳಿ ಆಡಲೇಬೇಕು. ಅಲ್ಯೂಮಿನಿಯಂ ರೈಲ್ ಮೇಲೆ, ರೂಫಿನಿಂದ ಎರಡು ಇಂಚು ಎತ್ತರದಲ್ಲಿ ಕೂರಿಸಿ. ಇನ್ನೊಂದು ಲಾಭವೂ ಇದೆ. ಪ್ಯಾನಲ್ ಇರುವಷ್ಟು ಜಾಗದಲ್ಲಿ ತಗಡಿಗೆ ಬಿಸಿಲು ಬೀಳುವುದಿಲ್ಲ, ಒಳಗೆ ಸೆಕೆ ಕಮ್ಮಿ.

ಬಾಗುವ ತೆಳು ಪ್ಯಾನಲ್‌ಗಳನ್ನು ನೇರ ರೂಫಿಗೆ ಅಂಟಿಸುವುದನ್ನು ನಾನು ಒಪ್ಪುವುದೇ ಇಲ್ಲ. ಹಗುರ, ತೂತು ಕೊರೆಯುವ ಕೆಲಸ ಇಲ್ಲ ಅಂತ ಮಾರುತ್ತಾರೆ. ಪರಿಚಯದವರೊಬ್ಬರು ಹಾಗೆ ಅಂಟಿಸಿಕೊಂಡಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಅವರ ವ್ಯಾನಿನೊಳಗೆ ನಿಂತು ಸೀಲಿಂಗ್ ಪ್ಲೈ ಮುಟ್ಟಿ ನೋಡಿದೆ. ಅಂಗೈ ಇಟ್ಟು ನಿಲ್ಲಿಸಲು ಆಗಲಿಲ್ಲ. ಮೇಲಿನ ಕಾವೆಲ್ಲ ಕೆಳಗಿಳಿಯುತ್ತಿತ್ತು. ಎರಡನೇ ಬೇಸಿಗೆಗೆ ಸೆಲ್‌ಗಳ ಮೇಲೆ ಕಂದು ಗೆರೆ ಕಾಣಿಸಿಕೊಂಡು ಕರೆಂಟ್ ಬರುವುದೇ ಅರ್ಧಕ್ಕೆ ಇಳಿಯಿತು. ಮಕ್ಕಳು ಮಲಗುವ ಗಾಡಿಗೆ ಇದನ್ನು ಮಾರುವವರು ಒಂದು ಸಲ ಯೋಚನೆ ಮಾಡಬೇಕು.

ಕಾವಿನಿಂದ ವೋಲ್ಟೇಜ್ ಕೂಡ ಬೀಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. 12 ವೋಲ್ಟ್ ಪ್ಯಾನಲ್ ಅಂತ ಕೊಡುವುದು ಕೆಲಸ ಮಾಡುವಾಗ 18 ವೋಲ್ಟ್ ಆಸುಪಾಸು ಇರುತ್ತದೆ. ಸುಡುಬಿಸಿಲಿನಲ್ಲಿ ಅದು ಹದಿನೈದೂವರೆಗೆ ಇಳಿಯಬಹುದು. ಬ್ಯಾಟರಿ ತುಂಬಲು 14 ವೋಲ್ಟ್ ಮೇಲೆ ಬೇಕು. ಮಧ್ಯೆ ಉಳಿಯುವುದು ಒಂದು ವೋಲ್ಟ್ ಚಿಲ್ಲರೆ. ವೈರ್ ತೆಳ್ಳಗಿದ್ದರೆ ಅದೂ ದಾರಿಯಲ್ಲೇ ಹೋಯಿತು. ಅದಕ್ಕೇ ನಾವು ಎರಡೂ ಪ್ಯಾನಲ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿ ಎರಡರ ವೋಲ್ಟೇಜೂ ಕೂಡುವ ಹಾಗೆ ಜೋಡಿಸಿದೆವು. ಎಷ್ಟೇ ಕಾದರೂ 30 ವೋಲ್ಟ್ ಬರುತ್ತದೆ, ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಅದನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳುತ್ತದೆ. ಪೆರಲಲ್ ಮಾಡಿದರೆ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ, ಒಂದರ ಮೇಲೆ ನೆರಳು ಬಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ ಅನ್ನುತ್ತಾರೆ, ನಿಜ. ಆದರೆ ನಮ್ಮ ರೂಫಿನಲ್ಲಿ ಫ್ಯಾನಿನ ಮುಚ್ಚಳವನ್ನು ಹಿಂದಕ್ಕೆ ತಳ್ಳಿ, ಕ್ಯಾರಿಯರ್ ತೆಗೆಸಿ, ಪ್ಯಾನಲ್ ಮೇಲೆ ನೆರಳು ಬೀಳುವ ವಸ್ತುವೇ ಇರದ ಹಾಗೆ ಮಾಡಿದ್ದೆವು.

ಇನ್ನು ಮರದ ನೆರಳು. ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಒಳಗೆ ಕೂರಲಾಗದು, ಹೊಂಗೆ ಮರದಡಿ ನಿಲ್ಲಿಸಿದರೆ ಪ್ಯಾನಲ್‌ಗೆ ಬಿಸಿಲಿಲ್ಲ. ನನ್ನ ಮಾತು ಕೇಳಿದರೆ ಮರದಡಿಯೇ ನಿಲ್ಲಿಸಿ. ಮನೆಯವರ ಊಟ, ನಿದ್ದೆ ಮುಖ್ಯ. ನಮ್ಮ ಜನ ಹಗಲು ಓಡಾಡಿ ರಾತ್ರಿ ತಂಗುವವರು, ಓಡುವಾಗ ಪ್ಯಾನಲ್ ಬಿಸಿಲಲ್ಲೇ ಇರುತ್ತದೆ ಅಲ್ವಾ.

ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ಪ್ಯಾನಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಜುಲೈನಲ್ಲಿ ಆಗುಂಬೆಯ ಮೋಡದಡಿ ಎಷ್ಟು ವ್ಯಾಟ್ ಇದ್ದರೂ ಅಷ್ಟೇ. ಎಂಜಿನ್ನಿನ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡುವ 30 ಆಂಪಿಯರ್‌ನ ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿ. ಎರಡೂವರೆ ಗಂಟೆ ಗಾಡಿ ಓಡಿದರೆ ಒಂದು ಯೂನಿಟ್ ತುಂಬುತ್ತದೆ. ಮೂರನೇ ಪ್ಯಾನಲ್‌ಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ.

ಕಾನೂನಿನ ವಿಷಯ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆ, ಅಂದರೆ ಇಂಥ ಕ್ಯಾಂಪರ್‌ವ್ಯಾನ್‌ಗಳಿಗೆ, ಎಐಎಸ್ 124 ಅನ್ನುವ ಮಾನದಂಡವೇ ಇದೆ. ಪ್ಯಾನಲ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ರೂಫಿನ ಪ್ಯಾನಲ್ ಬಗ್ಗೆ ಸಾರಿಗೆ ಇಲಾಖೆ ಒಂದು ಪುಟದ ಸ್ಪಷ್ಟ ನಿಯಮ ಕನ್ನಡದಲ್ಲಿ ಕೊಟ್ಟರೆ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ಕೊನೆಗೆ, ಕೆಲಸ ಯಾರ ಕೈಗೆ ಕೊಡಬೇಕು? ಕಾರ್ ಆಕ್ಸೆಸರೀಸ್ ಅಂಗಡಿಯವರಿಗೆ ರೂಫ್ ಗೊತ್ತು, ಸೋಲಾರ್ ಗೊತ್ತಿಲ್ಲ. ಮನೆ ಮಾಳಿಗೆಗೆ ಗ್ರಿಡ್ ಸೋಲಾರ್ (ಊರಿನ ಕರೆಂಟ್ ಲೈನಿಗೇ ಸೇರಿಸುವಂಥದ್ದು) ಹಾಕುವ ಎಷ್ಟೋ ಜನರಿಗೆ 12 ವೋಲ್ಟ್ ಬ್ಯಾಟರಿಯ ಕೆಲಸ ಅಭ್ಯಾಸವಿಲ್ಲ. ಹಳ್ಳಿ ಮನೆಗಳಿಗೆ ಸೋಲಾರ್ ಹೋಮ್‌ಲೈಟ್ ಹಾಕುತ್ತಿದ್ದವರನ್ನು ಹುಡುಕಿ. 1995ರಲ್ಲಿ ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ ಬೆಂಗಳೂರಿನಲ್ಲಿ ಶುರುವಾದಮೇಲೆ ಈ ಕೆಲಸ ಕಲಿತ ಹುಡುಗರು ನಮ್ಮ ತಾಲ್ಲೂಕು ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಣ್ಣ ಬ್ಯಾಟರಿ, ಡಿಸಿ ಕರೆಂಟ್, ಸುರಿವ ಮಳೆ, ಮೂರೂ ಅವರಿಗೆ ಗೊತ್ತು.

ನಮಗೆ ಕೆಲಸ ಮಾಡಿಕೊಟ್ಟವರು ತೀರ್ಥಹಳ್ಳಿ ಕಡೆಯವರು, ಹೋಮ್‌ಲೈಟ್ ಕೆಲಸದಲ್ಲೇ ತಲೆ ಬೆಳ್ಳಗಾದವರು. "ಅಣ್ಣಾ, ರೂಫಿಗೆ ತೂತು ಹಾಕ್ಲೇಬೇಕಾ?" ಅಂತ ಕೇಳಿದೆ. "ತೂತಿಗೆ ಯಾಕೆ ಹೆದರ್ತೀರಿ ಸಾರ್? ಅಂಚಿಗೆ ಬಣ್ಣ ಹಚ್ಚದೆ ಬಿಡೋರಿಗೆ ಹೆದರಿ" ಅಂದರು. ಕೊರೆದ ಪ್ರತಿ ತೂತಿನ ಅಂಚನ್ನೂ ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗುವ ತನಕ ಬೀಡಿ ಹಚ್ಚಿ ಕೂತರು. ಆಮೇಲೆ ವಿಂಡ್‌ಶೀಲ್ಡ್ ಕೂರಿಸುವವರು ಬಳಸುವ ಪಿಯು ಸೀಲೆಂಟ್, ಒಳಗಡೆಯಿಂದ ಅಗಲವಾದ ಪಟ್ಟಿ, ಸುಲಭಕ್ಕೆ ಸಡಿಲವಾಗದ ನೈಲಾಕ್ ನಟ್. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಹಾಕಿದರು. ಕಂಟ್ರೋಲರ್‌ಗೆ ಬ್ಯಾಟರಿ ವೈರ್ ಮೊದಲು, ಪ್ಯಾನಲ್ ವೈರ್ ಆಮೇಲೆ. ಬಿಚ್ಚುವಾಗ ತಿರುಗಾಮುರುಗಾ. ಇದನ್ನು ನನ್ನ ಬಾಯಲ್ಲೇ ಹೇಳಿಸಿದರು.

ಎಲ್ಲ ಮುಗಿದ ಮೇಲೆ ಒಳಗೆ ಹಳೇ ನ್ಯೂಸ್‌ಪೇಪರ್ ಹಾಸಿ, ಹೊರಗಿನಿಂದ ಪೈಪಲ್ಲಿ ಅರ್ಧ ಗಂಟೆ ನೀರು ಬಿಡಿಸಿದರು. ಒಂದು ಹನಿಯೂ ಇಳಿಯಲಿಲ್ಲ. ಮೊದಲ ಸಲ ಘಾಟಿ ಇಳಿದು ಹತ್ತಿದ ಮೇಲೆ ನಟ್‌ಗಳನ್ನು ಒಮ್ಮೆ ಬಿಗಿ ಮಾಡಿ, ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ರೂಫ್ ಹತ್ತಿ ಸೀಲೆಂಟ್ ಬಿರುಕು ಬಿಟ್ಟಿದೆಯಾ ನೋಡಿ ಅಂದರು. ಅವರು ಕೇಳಿದ ಕೂಲಿಯಲ್ಲಿ ನಾನು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ನೀವೂ ಮಾಡಬೇಡಿ.